ಮಾತು ಕೇಳದ ಬೆರಳುಗಳು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ ಹತ್ತೊಂಬತ್ತು ವರ್ಷದ ಯುವಕ. ಹಾಸನ ಜಿಲ್ಲೆಯ ಮಲೆನಾಡು ಸೆರಗಿನ ಒಂದು ಹಳ್ಳಿಯವನು, ಐಟಿಐಯಲ್ಲಿ ಫಿಟ್ಟರ್ ತರಬೇತಿ ಪಡೆಯುತ್ತಿದ್ದವನು. ಮನೆಯಲ್ಲಿ ಎರಡು ಎಕರೆ ಕಾಫಿ, ನಾಲ್ಕು ಹಸು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ತಾಲ್ಲೂಕು ಕೇಂದ್ರದಲ್ಲಿ ಫಿಸಿಯೋಥೆರಪಿ ಮಾಡುವವನು. ಅವನ ಕೈಗೆ ಸರಿಯಾದ ಹೆಸರು ಸಿಗಲು ಹಿಡಿದ ಹತ್ತು ತಿಂಗಳಲ್ಲಿ ಆರು ವಾರ ನನ್ನ ಲೆಕ್ಕಕ್ಕೆ ಸೇರಿದ್ದು, ಆ ಆರು ವಾರವೂ ನಾನು ಇಲ್ಲದ ಕಾಯಿಲೆಗೆ ಚಿಕಿತ್ಸೆ ಕೊಟ್ಟಿದ್ದೇನೆ. ಆದ್ದರಿಂದ ಇದನ್ನು ಬೇರೆಯವರ ತಪ್ಪಿನ ಪಟ್ಟಿಯಾಗಿ ಬರೆಯುವ ಹಕ್ಕು ನನಗಿಲ್ಲ.

ಶುರುವಾದದ್ದು ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ. ಹಾಲು ಕರೆಯುತ್ತಿದ್ದಾಗ ಹಸುವಿನ ಮೊಲೆ ಹಿಡಿದ ಬಲಗೈ ಬೆರಳುಗಳು ಹಿಡಿದ ಹಾಗೆಯೇ ಉಳಿದುಬಿಟ್ಟವು, ಬಿಚ್ಚಲು ಬರಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡು, ಬಚ್ಚಲ ಒಲೆಯ ಮುಂದೆ ಹೋಗಿ ಕೂತು ಕಾಯಿಸಿಕೊಂಡ ಮೇಲೆ ಸರಿಹೋಯಿತು. ‘ಚಳಿಗೆ ಎಲ್ಲರಿಗೂ ಆಗೋದೇ ಕಣೋ’ ಎಂದರು ಅಪ್ಪ. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡುವಾಗ ಅವನ ಬಲ ಅಂಗೈಗೆ ಹಾಕಿದ ಎಳ್ಳು ಬೆರಳ ಸಂದಿಗಳಿಂದ ನೆಲಕ್ಕೆ ಸೋರಿತು. ಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಲು ಅವನಿಗೆ ಆಗುತ್ತಿರಲಿಲ್ಲ. ಇದನ್ನು ಮೊದಲು ಗಮನಿಸಿದವರು ಅವನ ತಾಯಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಳಿದು ಅಲ್ಲೊಂದು ಕುಳಿ ಬಿದ್ದಿರುವುದನ್ನು ಕಂಡವರೂ ಅವರೇ. ಫೆಬ್ರವರಿ ಹೊತ್ತಿಗೆ ಅಂಗಿಯ ಗುಂಡಿ ಹಾಕುವುದು, ಬೈಕಿನ ಕೀಲಿ ತಿರುಗಿಸುವುದು ಹಗಲಿನಲ್ಲೂ ಕಷ್ಟವಾಗಿತ್ತು. ನೋವು ಮಾತ್ರ ಎಳ್ಳಷ್ಟೂ ಇರಲಿಲ್ಲ, ಮತ್ತು ನೋವಿಲ್ಲದ ಕಾಯಿಲೆಗೆ ನಮ್ಮ ಕಡೆ ಯಾರೂ ಅವಸರ ಮಾಡುವುದಿಲ್ಲ.

ಮೊದಲು ತೋರಿಸಿದ ವೈದ್ಯರ ಮುಂದೆ ಅವನು ಹೇಳಿದ್ದು ಒಂದೇ ವಾಕ್ಯ: ‘ಚಳಿಗೆ ಕೈ ಮರಗಟ್ಟುತ್ತೆ ಸಾರ್.’ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದಾಖಲಾದದ್ದು ‘ನಂಬ್‌ನೆಸ್, ಬಲಗೈ’ ಎಂದು. ಈ ಪ್ರಕರಣದ ಕಡತವನ್ನು ಈಗ ಮೊದಲಿನಿಂದ ತಿರುವಿ ನೋಡಿದರೆ, ದಾರಿ ತಪ್ಪಿದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಮರಗಟ್ಟುವುದು ಎಂದರೆ ಮರದಂತಾಗುವುದು. ಮರಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ, ಮರ ಬಾಗುವುದೂ ಇಲ್ಲ. ನಮ್ಮ ಮಾತಿನಲ್ಲಿ ಈ ಎರಡು ಅರ್ಥಗಳೂ ಒಂದೇ ಪದದೊಳಗೆ ಇವೆ. ಇಂಗ್ಲಿಷಿನ ಚೀಟಿಗೆ ದಾಟುವಾಗ ಸ್ಪರ್ಶ ಹೋಗುವ ಅರ್ಥವೊಂದೇ ದಾಟಿತು, ಚಲನೆ ಹೋಗುವ ಅರ್ಥ ಈಚೆ ದಡದಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ಹಿಂದಿನ ಚೀಟಿ ನೋಡಿ ಅದೇ ಪದವನ್ನು ತಮ್ಮ ಚೀಟಿಗೆ ಇಳಿಸಿಕೊಂಡರು. ನಾನೂ ಇಳಿಸಿಕೊಂಡೆ.

ನಂಬ್‌ನೆಸ್ ಎಂದ ಮೇಲೆ ವಿಟಮಿನ್ ಬಿ12 ಇಂಜೆಕ್ಷನ್ ಬರುವುದು ಸಹಜ. ದಿನ ಬಿಟ್ಟು ದಿನ ಹತ್ತು ಚುಚ್ಚಿದರು. ಬಿ12 ಕೊರತೆ ಸಾಮಾನ್ಯವಾಗಿ ಎರಡೂ ಪಾದಗಳಿಂದ ಮೇಲಕ್ಕೆ ಏರುವ ಜೋಮು. ಒಂದೇ ಕೈಯ ಮಾಂಸವನ್ನು ಕರಗಿಸುವುದು ಅದರ ರೀತಿಯಲ್ಲ. ಆದರೆ ಆಗ ಅವನ ಎರಡು ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಯಾರೂ ಇರಲಿಲ್ಲ. ಮನೆಯವರಿಗೆ ತಿಳಿಸುವಾಗ ‘ನರ ದೌರ್ಬಲ್ಯ’ ಎಂಬ ಮಾತು ಬಂತು. ಬಸ್ ನಿಲ್ದಾಣದ ಗೋಡೆಗಳನ್ನು ಓದುತ್ತಾ ಬೆಳೆದ ಹುಡುಗನಿಗೆ ಆ ಪದ ಏನು ಹೇಳುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಅವನು ಅಂದಿನಿಂದ ಐಟಿಐಯ ಗೆಳೆಯರೆದುರು ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ, ಕೈ ಸೋಲುತ್ತಿದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ.

ಮಾರ್ಚಿನಲ್ಲಿ ನಾಟಿ ವೈದ್ಯರೊಬ್ಬರು ‘ನರ ಹೊರಳಿದೆ’ ಎಂದು ಎಣ್ಣೆ ಹಚ್ಚಿ ಉಜ್ಜಿ ಕಳಿಸಿದರು. ಅದರಿಂದ ಉಪಕಾರವೂ ಆಗಲಿಲ್ಲ, ಅಪಕಾರವೂ ಆಗಲಿಲ್ಲ.

ಏಪ್ರಿಲ್ ಹೊತ್ತಿಗೆ ಕಿರುಬೆರಳು ಮತ್ತು ಉಂಗುರದ ಬೆರಳು ತುಸು ಕೊಕ್ಕೆಯಂತೆ ಬಾಗತೊಡಗಿದ್ದವು. ಇಂಥ ಬೆರಳು ಕಂಡರೆ ಊರಿನ ಹಿರಿಯರಿಗೆ ಮೊದಲು ಬರುವ ಅನುಮಾನ ಕುಷ್ಠ. ಆ ಅನುಮಾನವನ್ನು ನಾನು ಹಳಿಯುವುದಿಲ್ಲ. ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಮಟ್ಟವನ್ನು ಭಾರತ 2005ರ ಕೊನೆಯಲ್ಲಿ ಮುಟ್ಟಿತಾದರೂ ರೋಗ ಇಲ್ಲವಾಗಲಿಲ್ಲ. ಚರ್ಮದ ಮೇಲೆ ಒಂದು ಮಚ್ಚೆಯೂ ಇಲ್ಲದೆ ಬರೀ ನರಕ್ಕೆ ತಗಲುವ ಕುಷ್ಠವೂ ಉಂಟು, ಮತ್ತು ಅದಕ್ಕೆ ಬಹಳ ಇಷ್ಟವಾದ ಜಾಗ ಮೊಣಕೈ ಹಿಂದಿನಿಂದ ಕಿರುಬೆರಳ ಕಡೆಗೆ ಇಳಿಯುವ ಅಲ್ನಾರ್ ನರ. ಬೇಗ ಹಿಡಿದರೆ ಉಚಿತ ಮಾತ್ರೆಗಳಲ್ಲಿ ವಾಸಿಯಾಗುತ್ತದೆ, ಬಿಟ್ಟರೆ ಕೈ ಹೋಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ಸಹಾಯಕರೊಬ್ಬರು ಅವನನ್ನು ಬೆಳಕಿಗೆ ನಿಲ್ಲಿಸಿ ಮೈಯೆಲ್ಲ ನೋಡಿದರು, ಎರಡೂ ಮೊಣಕೈಗಳ ಹಿಂದೆ ಬೆರಳಾಡಿಸಿ ನರ ದಪ್ಪವಾಗಿದೆಯೇ ಎಂದು ಹೋಲಿಸಿದರು, ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯಿಂದ ಅಂಗೈಯ ಹತ್ತು ಕಡೆ ಮುಟ್ಟಿ ‘ಎಲ್ಲಿ ಮುಟ್ಟಿದೆ, ತೋರಿಸು’ ಎಂದರು. ಹತ್ತಕ್ಕೆ ಹತ್ತೂ ಸರಿಯಾಯಿತು. ಅಂಗೈ ಅಗಲದ ಚೀಟಿಯಲ್ಲಿ ಅವರು ಕನ್ನಡದಲ್ಲೇ ಬರೆದರು: ‘ಮಚ್ಚೆ ಇಲ್ಲ. ನರ ದಪ್ಪ ಇಲ್ಲ. ಸ್ಪರ್ಶಜ್ಞಾನ ಪೂರ್ತಿ ಇದೆ. ಬಲ ಕಡಿಮೆ.’

ಇಡೀ ಕಡತದಲ್ಲಿ ಆವರೆಗೆ ಬರೆದ ಸರಿಯಾದ ವಾಕ್ಯಗಳು ಇವೇ. ಕುಷ್ಠ ಅಲ್ಲ ಎಂದು ತಿಳಿದ ಸಂತೋಷದಲ್ಲಿ ಮನೆಯವರು ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಮಡಚಿಟ್ಟರು. ಮುಂದೆ ನೋಡಿದ ಯಾವ ವೈದ್ಯರಿಗೂ ಅದನ್ನು ತೋರಿಸಲಿಲ್ಲ. ಯಾರೂ ಕೇಳಲೂ ಇಲ್ಲ.

ಜೂನ್‌ನಲ್ಲಿ ಜಿಲ್ಲಾ ಕೇಂದ್ರದ ಮೂಳೆ ತಜ್ಞರ ಬಳಿ ಹೋದಾಗ ಕತ್ತಿನ ಎಕ್ಸ್‌ರೇ ಆಯಿತು. ಕತ್ತಿನ ಮೂಳೆಗಳಿಗೆ ಸಹಜವಾಗಿ ಇರಬೇಕಾದ ಮುಂಬಾಗು ಇಲ್ಲ, ನೆಟ್ಟಗಿದೆ ಎಂದು ವರದಿ ಬಂತು; ಅದನ್ನು ಸ್ನಾಯು ಬಿಗಿತ ಎಂದು ಅರ್ಥ ಮಾಡಿಕೊಂಡರು. ನಂತರ ನರಗಳ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ. ಅದರ ಅಂಕಿಗಳನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಉತ್ತರದ ಅರ್ಧ ಭಾಗ ಅಲ್ಲೇ ಇತ್ತು. ಅಲ್ನಾರ್ ನರವನ್ನು ಪ್ರಚೋದಿಸಿದಾಗ ಕಿರುಬೆರಳ ಬುಡದ ಸ್ನಾಯುವಿನಿಂದ ಬಂದ ಅಲೆಯ ಎತ್ತರ ಎಡಗೈಯಲ್ಲಿ 9.4 ಮಿಲಿವೋಲ್ಟ್, ಬಲಗೈಯಲ್ಲಿ 2.1. ಎಂದರೆ ಸ್ನಾಯುವಿಗೆ ಹೋಗುವ ಎಳೆಗಳಲ್ಲಿ ಬಹುಪಾಲು ನಷ್ಟವಾಗಿವೆ. ಆದರೆ ಅದೇ ನರದ ಸ್ಪರ್ಶದ ಎಳೆಗಳನ್ನು ಕಿರುಬೆರಳಿನಲ್ಲಿ ಅಳೆದಾಗ ಎರಡೂ ಕೈಗಳಲ್ಲಿ ಅಂಕಿ ಹೆಚ್ಚುಕಡಿಮೆ ಒಂದೇ. ಮೊಣಕೈಯಲ್ಲಿ ನರ ಅದುಮಿಕೊಂಡಿದ್ದರೆ ಆ ಜಾಗ ದಾಟುವಾಗ ವೇಗ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು ಇಳಿಯಬೇಕು. ಇಲ್ಲಿ ಇಳಿದದ್ದು ಮೂರು ಮೀಟರ್. ಆದರೂ ವರದಿಯ ಕೊನೆಯ ಸಾಲಿನಲ್ಲಿ ‘ಮೊಣಕೈಯಲ್ಲಿ ಅಲ್ನಾರ್ ನರದ ತೊಂದರೆ ಇರಬಹುದು’ ಎಂದಿತ್ತು. ವರದಿ ಓದುವವರು ಸಾಮಾನ್ಯವಾಗಿ ಓದುವುದು ಕೊನೆಯ ಸಾಲನ್ನೇ.

ಖಾತ್ರಿಗೆಂದು ಕತ್ತಿನ ಎಂಆರ್‌ಐ ಕೂಡ ಮಾಡಿಸಿದರು. ಒಂದು ಹಸುವಿನ ಎರಡು ತಿಂಗಳ ಹಾಲಿನ ದುಡ್ಡು ಅದಕ್ಕೆ ಹೋಯಿತು ಎಂದು ತಂದೆ ನನಗೆ ಹೇಳಿದ್ದರು. ವರದಿ: ಗಮನಾರ್ಹವಾದದ್ದೇನೂ ಇಲ್ಲ. ಕತ್ತು ಸರಿಯಿದೆ ಎಂದಾದ ಮೇಲೆ ಮೊಣಕೈಯೇ ಉಳಿಯಿತು, ಮೊಣಕೈ ಎಂದ ಮೇಲೆ ಅವನು ನನ್ನ ಬಳಿಗೆ ಬಂದ.

ನಾನು ಮಾಡಿದ್ದು ಇಷ್ಟು. ಅಲ್ನಾರ್ ನರವನ್ನು ಜಾರಿಸುವ ವ್ಯಾಯಾಮ. ಕೈಗೆ ವ್ಯಾಕ್ಸ್ ಬಾತ್, ಎಂದರೆ ಕರಗಿದ ಬಿಸಿ ಮೇಣದಲ್ಲಿ ಅದ್ದುವುದು. ಎಕ್ಸ್‌ರೇಯಲ್ಲಿದ್ದ ‘ಬಿಗಿತ’ಕ್ಕೆಂದು ಗಲ್ಲವನ್ನು ಎದೆಗೆ ತಾಗಿಸಿ ಹತ್ತರ ತನಕ ಎಣಿಸುವ ಕತ್ತಿನ ಎಳೆತ, ದಿನಕ್ಕೆ ಮೂರು ಬಾರಿ. ಕೊನೆಯದನ್ನು ನೆನೆದರೆ ಇಂದಿಗೂ ನನಗೆ ಮುಜುಗರವಾಗುತ್ತದೆ. ಏಕೆಂದು ಮುಂದೆ ತಿಳಿಯುತ್ತದೆ. ಕರಗಿದ ಮೇಣದಿಂದ ಕೈ ಹೊರತೆಗೆದು, ಬಿಳಿಯ ಪದರವನ್ನು ಸುಲಿದಾಗ ಅವನ ಬೆರಳುಗಳು ಸೊಗಸಾಗಿ ನೇರವಾಗುತ್ತಿದ್ದವು. ಅವನೂ ನಗುತ್ತಿದ್ದ, ನಾನೂ ನಗುತ್ತಿದ್ದೆ. ಗುಣ ಕಾಣುತ್ತಿದೆ ಎಂದು ನಾನು ಬರೆದುಕೊಂಡೆ. ಮನೆಗೆ ಹೋಗುವಷ್ಟರಲ್ಲಿ ಮತ್ತೆ ಮೊದಲಿನಂತೆಯೇ ಆಗುತ್ತದೆ ಎಂದು ಅವನು ಹೇಳಿದ್ದನ್ನು ಬರೆದುಕೊಳ್ಳಲಿಲ್ಲ.

ಆಗಸ್ಟಿನ ಒಂದು ಸಂಜೆ ಜಡಿಮಳೆಯಲ್ಲಿ ಬೈಕಿನಲ್ಲಿ ಬಂದವನು ಬಾಗಿಲಲ್ಲೇ ನಿಂತ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಅವನಿಗೆ ಬರುತ್ತಿರಲಿಲ್ಲ. ನಾನೇ ಬಿಚ್ಚಿದೆ. ಎರಡೂ ಕೈಯನ್ನು ಮುಂದೆ ಚಾಚು ಎಂದಾಗ ಬಲಗೈ ಬೆರಳುಗಳು ಬುಡದಲ್ಲೇ ಜೋತುಬಿದ್ದವು, ಎತ್ತಲು ಹೆಣಗಿದಾಗ ಸಣ್ಣಗೆ, ಒಂದೊಂದೂ ಒಂದೊಂದು ದಿಕ್ಕಿಗೆ ನಡುಗಿದವು. ಕುಡಿಯಲು ಕೊಟ್ಟ ಟೀ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತ. ಕಾಲು ಗಂಟೆಯ ಮೇಲೆ ಬೆರಳುಗಳು ತಾವಾಗಿ ಎದ್ದವು. ವ್ಯಾಕ್ಸ್ ಬಾತ್ ಮಾಡುತ್ತಿದ್ದ ಕೆಲಸವನ್ನು ಒಂದು ಲೋಟ ಟೀ ಮಾಡಿತ್ತು. ಅಂದರೆ ಅದು ಚಿಕಿತ್ಸೆಯಾಗಿರಲಿಲ್ಲ, ಬರೀ ಬಿಸಿಯಾಗಿತ್ತು. ಆಗ ಕೇಳಿದೆ: ‘ಮರಗಟ್ಟುತ್ತೆ ಅಂತೀಯಲ್ಲ, ಮುಟ್ಟಿದ್ದು ಗೊತ್ತಾಗಲ್ವೇನಪ್ಪ?’

‘ಮುಟ್ಟಿದ್ದೆಲ್ಲ ಗೊತ್ತಾಗುತ್ತೆ ಸಾರ್. ಬೆರಳು ಮಾತು ಕೇಳಲ್ಲ ಅಷ್ಟೆ.’

ಅಂದು ನಾನು ಅವನ ಕೈಯನ್ನು ಮೊದಲ ಬಾರಿಗೆ ಎಂಬಂತೆ ಪರೀಕ್ಷಿಸಿದೆ. ಬೆರಳನ್ನು ಬುಡದಿಂದ ಮೇಲೆತ್ತುವ ಸ್ನಾಯುಗಳಿಗೆ ಅಲ್ನಾರ್ ನರದ ಸಂಬಂಧವೇ ಇಲ್ಲ. ಅವು ರೇಡಿಯಲ್ ನರದವು. ಹೆಬ್ಬೆರಳನ್ನು ಅಂಗೈಯಿಂದ ಮೇಲೆತ್ತುವ ಸ್ನಾಯು ಮೀಡಿಯನ್ ನರದ್ದು, ಅದೂ ಸ್ವಲ್ಪ ಸೋತಿತ್ತು. ಮೊಣಕೈಯ ಒಂದು ಇಕ್ಕಟ್ಟಿನಲ್ಲಿ ಮೂರು ನರಗಳು ಒಟ್ಟಿಗೆ ಸಿಕ್ಕಿಕೊಳ್ಳಲಾರವು. ಹಸುವಿನ ಮೊಲೆಯಿಂದ ಬೆರಳು ಬಿಚ್ಚಲಾಗದ ಆ ಮೊದಲ ದಿನವೇ ಅಲ್ನಾರ್ ನರದ ವಾದ ಮುರಿದುಬಿದ್ದಿತ್ತು. ಮುಂಗೈಯನ್ನು ನೋಡಿದರೆ ಇನ್ನೂ ಒಂದು ಸಂಗತಿ ಕಂಡಿತು. ಕಿರುಬೆರಳ ಕಡೆಯ ಮಾಂಸವೆಲ್ಲ ಇಳಿದು ಚಪ್ಪಟೆಯಾಗಿತ್ತು. ಹೆಬ್ಬೆರಳ ಕಡೆ, ಮೊಣಕೈಯಿಂದ ಮಣಿಕಟ್ಟಿನತ್ತ ಇಳಿಯುವ ಬ್ರೇಕಿಯೋರೇಡಿಯಾಲಿಸ್ ಸ್ನಾಯು ಮಾತ್ರ ಹಗ್ಗದಂತೆ ತುಂಬಿಕೊಂಡಿತ್ತು. ಎರಡರ ನಡುವೆ ಓರೆಯಾಗಿ ಗೆರೆ ಎಳೆದಂತೆ. ಆ ಹಗ್ಗವೂ ರೇಡಿಯಲ್ ನರದ್ದೇ. ಮೂರು ನರಗಳ ಸ್ನಾಯುಗಳು ಸೋತು, ಅವುಗಳಲ್ಲೇ ಒಂದು ನರದ ಈ ಸ್ನಾಯು ಮಾತ್ರ ಗಟ್ಟಿಯಾಗಿ ಉಳಿದಿದ್ದರೆ ದೋಷ ಯಾವುದೋ ಒಂದು ನರದಲ್ಲಿರುವ ಸಂಭವ ಕಡಿಮೆ; ಹಗ್ಗದಂಥ ಸ್ನಾಯುವಿಗೆ ಅಪ್ಪಣೆ ಬರುವುದು ಬೆನ್ನುಹುರಿಯ ಸಿ5, ಸಿ6 ಮಟ್ಟದಿಂದ, ಕರಗಿದವುಗಳಿಗೆ ಅದರ ಕೆಳಗಿನ ಸಿ7, ಸಿ8, ಟಿ1ರಿಂದ (ಸಿ ಎಂದರೆ ಕತ್ತಿನ ಮಟ್ಟ, ಟಿ ಎಂದರೆ ಎದೆಯ ಮಟ್ಟ). ಅಂಗೈಯ ಸಣ್ಣ ಸ್ನಾಯುಗಳೆಲ್ಲವೂ, ಅವು ಯಾವ ನರದ ಮೂಲಕ ಅಪ್ಪಣೆ ಪಡೆದರೂ, ಸಿ8 ಮತ್ತು ಟಿ1ರ ಒಕ್ಕಲುಗಳು. ಸ್ಪರ್ಶ ಉಳಿದು ಬಲ ಮಾತ್ರ ಹೋಗಿದ್ದರಿಂದ, ಬೆನ್ನುಹುರಿಯ ಒಳಗೇ, ಅದರ ಮುಂಭಾಗದ ಕೋಶಗಳಲ್ಲಿ ಏನೋ ನಡೆದಿರಬೇಕು ಎಂಬಲ್ಲಿಗೆ ಬಂದು ನಿಂತೆ. ಹೆಸರು ಹೇಳುವುದು ನನ್ನ ಕೆಲಸವಲ್ಲ. ವ್ಯಾಯಾಮಗಳೆಲ್ಲವನ್ನೂ ನಿಲ್ಲಿಸಲು ಹೇಳಿ, ಕಂಡದ್ದನ್ನು ಒಂದು ಪುಟ ಬರೆದು, ಆರೋಗ್ಯ ಸಹಾಯಕರ ಚೀಟಿಯನ್ನೂ ಮನೆಯಿಂದ ತರಿಸಿ ಅದಕ್ಕೆ ಪಿನ್ ಮಾಡಿ, ಬೆಂಗಳೂರಿನ ನರರೋಗ ತಜ್ಞರ ಬಳಿಗೆ ಕಳಿಸಿದೆ.

ಸರತಿ ಸಿಗಲು ಆರು ವಾರ ಹಿಡಿಯಿತು. ಆ ಆರು ವಾರದಲ್ಲಿ ಅವನು ಮೊಬೈಲಿನಲ್ಲಿ ಹುಡುಕಿ, ನೋವಿಲ್ಲದೆ ಕೈ ಕರಗುವುದಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆ ಎಂಬ ಉತ್ತರವನ್ನು ಹಿಡಿದುಕೊಂಡು ಕುಳಿತಿದ್ದ. ಮೂರು ನಾಲ್ಕು ವರ್ಷಗಳಲ್ಲಿ ಪ್ರಾಣ ತೆಗೆಯುವ ಕಾಯಿಲೆ ಎಂದು ಓದಿ ತಾಯಿಗೂ ಹೇಳಿಬಿಟ್ಟಿದ್ದ. ರಾತ್ರಿಯೆಲ್ಲ ಕತ್ತು ಬಗ್ಗಿಸಿಕೊಂಡು ಮೊಬೈಲ್ ನೋಡುತ್ತಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು.

ಅಕ್ಟೋಬರಿನಲ್ಲಿ ನೋಡಿದ ತಜ್ಞರು ನನ್ನ ಪುಟವನ್ನು ಪಕ್ಕಕ್ಕಿಟ್ಟು ಅವನನ್ನೇ ಮಾತಾಡಿಸಿದರಂತೆ. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ: ಈ ಎರಡು ವರ್ಷಗಳಲ್ಲಿ ಎಷ್ಟು ಎತ್ತರ ಬೆಳೆದೆ? ತಾಯಿ ಹೇಳಿದರು, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪ್ಯಾಂಟುಗಳೆಲ್ಲ ಗಿಡ್ಡವಾದವು ಎಂದು. ಸ್ನಾಯುಗಳಿಗೆ ಸೂಜಿ ಹಾಕಿ ನೋಡುವ ಇಎಂಜಿಯಲ್ಲಿ ಸಿ7ರಿಂದ ಟಿ1ರವರೆಗಿನ ಸ್ನಾಯುಗಳಲ್ಲಿ ಹಳೆಯ ಹಾನಿಯ ಗುರುತು ಸಿಕ್ಕಿತು. ನಾಲಿಗೆ, ಕಾಲು ಶುದ್ಧವಾಗಿದ್ದವು. ಆಶ್ಚರ್ಯವೆಂದರೆ, ಏನೂ ಆಗದಂತೆ ಕಾಣುತ್ತಿದ್ದ ಎಡಗೈಯಲ್ಲೂ ತುಸು ಗುರುತಿತ್ತು. ಆಮೇಲೆ ಎಂಆರ್‌ಐ ಇನ್ನೊಮ್ಮೆ ಆಯಿತು, ಆದರೆ ಈ ಬಾರಿ ತಲೆಯ ಕೆಳಗೆ ದಿಂಬು ಕೊಟ್ಟು, ಗಲ್ಲವನ್ನು ಎದೆಯತ್ತ ಬಗ್ಗಿಸಿ, ಡೈ ಕೊಟ್ಟು. ಅದೇ ಕತ್ತು, ನಾಲ್ಕು ತಿಂಗಳ ಹಿಂದೆ ‘ಏನೂ ಇಲ್ಲ’ ಎನಿಸಿಕೊಂಡಿದ್ದ ಕತ್ತು. ಚಿತ್ರದಲ್ಲಿ ಬೆನ್ನುಹುರಿಯನ್ನು ಸುತ್ತಿದ ಡ್ಯೂರಾ ಪೊರೆಯ ಹಿಂಭಾಗ ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿದಿತ್ತು. ಅದು ಬಿಟ್ಟ ಜಾಗದಲ್ಲಿ ಉಬ್ಬಿದ ರಕ್ತನಾಳಗಳು ಬಿದಿಗೆ ಚಂದ್ರನ ಆಕಾರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಹುರಿಯು ಮುಂದಿನ ಮೂಳೆಗೆ ಒತ್ತಿಕೊಂಡು ಬಲಭಾಗದಲ್ಲಿ ಚಪ್ಪಟೆಯಾಗಿತ್ತು. ಹೆಸರು: ಹಿರಾಯಾಮಾ ಕಾಯಿಲೆ.

ಜಪಾನಿನ ಕೆಯ್‌ಜೋ ಹಿರಾಯಾಮಾ ಇದನ್ನು 1959ರಲ್ಲಿ ವರ್ಣಿಸಿದರು. ಹದಿವಯಸ್ಸಿನಿಂದ ಇಪ್ಪತ್ತೈದರ ಒಳಗಿನವರಿಗೆ, ಅದರಲ್ಲೂ ಹುಡುಗರಿಗೆ, ಹೆಚ್ಚಾಗಿ ಏಷ್ಯಾದಲ್ಲಿ ಬರುವ ಇದು ಕೆಲವು ವರ್ಷ ಮುಂದುವರಿದು ತಾನಾಗಿ ನಿಲ್ಲುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಪ್ರಾಣ ತೆಗೆಯದ ಕಾಯಿಲೆಯಾದ್ದರಿಂದಲೇ ಸತ್ತವರ ಬೆನ್ನುಹುರಿಯನ್ನು ಪರೀಕ್ಷಿಸುವ ಅವಕಾಶ ಬಹಳ ಕಾಲ ಸಿಗದೆ, ಕಾರಣ ಏನೆಂಬುದು ಎರಡು ದಶಕಕ್ಕೂ ಮೀರಿ ಊಹೆಯಾಗಿಯೇ ಉಳಿದಿತ್ತು. ಇದರ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಒಂದೇ ಕಾಲು ಕರಗುವ 23 ರೋಗಿಗಳ ವಿವರವನ್ನು 1984ರಲ್ಲಿ ಪ್ರಕಟಿಸಿ ‘ಮೋನೋಮೆಲಿಕ್ ಅಮಯೋಟ್ರೋಫಿ’ ಎಂಬ ಹೆಸರು ಕೊಟ್ಟರು. ನಮ್ಮ ರಾಜ್ಯದ ರಾಜಧಾನಿಯಲ್ಲೇ ಇಷ್ಟು ಹಿಂದೆ ದಾಖಲಾದ ಕಾಯಿಲೆಯೊಂದು ಇನ್ನೂರು ಕಿಲೋಮೀಟರ್ ಆಚೆಯ ತಾಲ್ಲೂಕಿಗೆ ತಲುಪಿರಲಿಲ್ಲ, ಅಥವಾ ನಾನು ಓದಿ ಮರೆತಿದ್ದೆ.

ಕತ್ತು ನೇರವಿದ್ದಾಗ ಏನೂ ಕಾಣದಿರುವುದಕ್ಕೆ ಕಾರಣ ಸರಳವಾದದ್ದು. ಭರದಿಂದ ಬೆಳೆಯುವ ಹುಡುಗನಿಗೆ ಹೋದ ವರ್ಷದ ಯೂನಿಫಾರ್ಮ್ ಹಾಕಿದರೆ, ಕೈ ಕೆಳಗೆ ಬಿಟ್ಟಾಗ ತೋಳು ಸರಿಯಾಗಿಯೇ ಇದೆ ಎನಿಸುತ್ತದೆ. ಕೈ ಮಡಚಿದಾಗ ಮೊಣಕೈ ಹತ್ತಿರ ಬಟ್ಟೆ ಬಿಗಿದು ಚರ್ಮಕ್ಕೆ ಒತ್ತುತ್ತದೆ. ಬೆನ್ನುಮೂಳೆ ಬೆಳೆದ ವೇಗಕ್ಕೆ ಡ್ಯೂರಾ ಬೆಳೆಯದಿದ್ದರೆ ಕತ್ತಿನಲ್ಲೂ ಹೀಗೆಯೇ. ತಲೆ ಎತ್ತಿದಾಗ ಸಡಿಲವಾಗಿರುವ ಪೊರೆ ತಲೆ ತಗ್ಗಿಸಿದಾಗ ಬಿಗಿದು ಮುಂದಕ್ಕೆ ಸರಿದು ಹುರಿಯನ್ನು ಮೂಳೆಗೆ ಅದುಮುತ್ತದೆ. ಪ್ರತಿ ಸಲವೂ ಕೆಲವು ಕ್ಷಣ, ದಿನಕ್ಕೆ ನೂರಾರು ಸಲ, ಹುರಿಯ ಮುಂಭಾಗದ ಕೋಶಗಳಿಗೆ ರಕ್ತ ಕಡಿಮೆಯಾಗಿ ಅವು ಒಂದೊಂದೇ ಸಾಯುತ್ತವೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಹಾಲು ಕರೆಯುವಾಗ ಅವನು ತಲೆಯನ್ನು ಹಸುವಿನ ಪಕ್ಕೆಗೆ ಆನಿಸಿ ಬಗ್ಗಿ ಕೂರುತ್ತಿದ್ದ. ಐಟಿಐಯಲ್ಲಿ ವೈಸಿನ ಮೇಲೆ ಬಗ್ಗಿ ಅರ ಉಜ್ಜುತ್ತಿದ್ದ. ರಾತ್ರಿ ಮೊಬೈಲ್. ಇವುಗಳ ಮೇಲೆ ಆರು ವಾರ, ದಿನಕ್ಕೆ ಮೂರು ಬಾರಿ, ಹತ್ತರ ತನಕ ಎಣಿಸುತ್ತಾ ಗಲ್ಲವನ್ನು ಎದೆಗೆ ಒತ್ತಲು ಹೇಳಿಕೊಟ್ಟವನು ನಾನು. ಅದರಿಂದ ಎಷ್ಟು ಕೋಶಗಳು ಹೋದವು ಎಂದು ಅಳೆಯುವ ಯಂತ್ರವಿಲ್ಲ. ಅವನ ಮನೆಯವರಿಗೆ ಇದನ್ನು ನಾನೇ ಹೇಳಿದೆ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವಾದರೂ ಕೇಳಿದ್ರಲ್ಲ ಬಿಡಿ’ ಎಂದರು. ಅದು ಕ್ಷಮೆಯೋ ಸಂಕಟವೋ ನನಗೆ ತಿಳಿಯಲಿಲ್ಲ.

ಚಿಕಿತ್ಸೆ ಎಂದರೆ ಕತ್ತು ಬಗ್ಗದಂತೆ ತಡೆಯುವ ಗಟ್ಟಿ ಕಾಲರ್, ಎಚ್ಚರವಿರುವ ಹೊತ್ತೆಲ್ಲ, ವರ್ಷಗಟ್ಟಲೆ. ಶಸ್ತ್ರಚಿಕಿತ್ಸೆಯೂ ಉಂಟು, ಕಾಲರ್ ಹಾಕಿಯೂ ಬಲ ಇಳಿಯುತ್ತಲೇ ಹೋದರೆ ನೋಡೋಣ ಎಂದರು ತಜ್ಞರು. ಹಾಲು ಕರೆಯುವುದು ತಾಯಿಯ ಪಾಲಿಗೆ ಹೋಯಿತು. ಓದಲು ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ತರುವ ಹಲಗೆಯೊಂದನ್ನು ಅವನೇ ಐಟಿಐಯ ವರ್ಕ್‌ಶಾಪಿನಲ್ಲಿ ಮಾಡಿಕೊಂಡ. ಊಟ ಮಾಡುವಾಗ ತಟ್ಟೆಯೇ ಕಾಣುವುದಿಲ್ಲ ಎಂಬುದು ಅವನ ದೊಡ್ಡ ದೂರು. ಬಸ್ಸಿನಲ್ಲಿ ಪ್ರತಿ ದಿನ ಯಾರಾದರೊಬ್ಬರು ‘ಆಕ್ಸಿಡೆಂಟಾ?’ ಎಂದು ಕೇಳುತ್ತಾರಂತೆ. ಮೊದಮೊದಲು ವಿವರಿಸುತ್ತಿದ್ದವನು ಈಗ ಹೌದು ಎಂದುಬಿಡುತ್ತಾನೆ.

ಒಂದು ವರ್ಷದ ನಂತರದ ಅಳತೆಗಳು ಹೀಗಿವೆ. ಅಲ್ನಾರ್ ನರದ ಅಲೆ 2.1ರಿಂದ 1.9 ಮಿಲಿವೋಲ್ಟಿಗೆ ಬಂದಿದೆ, ಎಂದರೆ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಬಲಗೈ ಹಿಡಿತ 11 ಕಿಲೋ ಇದ್ದದ್ದು 12, ಎಡಗೈ 34. ಎಡಗೈ ಇಳಿದಿಲ್ಲ. ಇದು ಕಾಲರಿನ ಗುಣವೋ, ತಾನಾಗಿ ನಿಲ್ಲುವ ಕಾಲ ಬಂದು ನಿಂತದ್ದೋ ಎಂದು ಒಬ್ಬನೇ ರೋಗಿಯ ಕೈ ನೋಡಿ ಹೇಳಲಾಗದು. ಕರಗಿದ ಮಾಂಸ ಮರಳಿಲ್ಲ, ಮರಳುವ ನಿರೀಕ್ಷೆಯನ್ನೂ ತಜ್ಞರು ಕೊಟ್ಟಿಲ್ಲ. ಫಿಟ್ಟರ್ ಬಿಟ್ಟು ಕಂಪ್ಯೂಟರ್ ಕೋರ್ಸಿಗೆ ಬದಲಾಯಿಸಿಕೊಂಡಿದ್ದಾನೆ. ಬರೆಯುವುದಕ್ಕೆ ದಪ್ಪ ಹಿಡಿಯ ಪೆನ್ನು ಕೊಟ್ಟಿದ್ದೇನೆ.

ಕಳೆದ ಸಲ ಬೆಂಗಳೂರಿಗೆ ಹೋದಾಗ ಹೊಸದಾಗಿ ಬಂದಿದ್ದ ಕಿರಿಯ ವೈದ್ಯೆಯೊಬ್ಬರು ಕಡತ ತೆರೆಯುವ ಮುನ್ನ ‘ಏನು ತೊಂದರೆ?’ ಎಂದು ಕೇಳಿದರಂತೆ. ಏನೆಂದೆ ಎಂದು ನಾನು ವಿಚಾರಿಸಿದೆ. ‘ಚಳಿಗೆ ಬೆರಳು ಎತ್ತೋಕೆ ಬರಲ್ಲ, ಮುಟ್ಟಿದ್ದು ಚೆನ್ನಾಗಿ ಗೊತ್ತಾಗುತ್ತೆ ಅಂದೆ ಸಾರ್’ ಎಂದ. ಮರಗಟ್ಟುವುದು ಎಂಬ ಪದವನ್ನು ಅವನು ಈಗ ಬಳಸುವುದಿಲ್ಲ.